ಬೀಗದ ಅಂಗಡಿಯ ಜಾಹೀರಾತು

ಪೇಟೆಬೀದಿಯ ಒಂದು ಸಣ್ಣ ಬೀಗದ ಅಂಗಡಿಯನ್ನು ಕಲ್ಪಿಸಿಕೊಳ್ಳಬಹುದು. ಎಂಟಡಿ ಅಗಲದ ಮಳಿಗೆ, ಗೋಡೆಯ ತುಂಬ ಮೊಳೆಗೆ ತೂಗುಹಾಕಿದ ಹಿತ್ತಾಳೆಯ, ಉಕ್ಕಿನ ಬೀಗಗಳು, ಮುಂಭಾಗದಲ್ಲಿ ಬೀಗದ ಕೈ ಕೊರೆಯುವ ಯಂತ್ರ, ಅದರ ಪಕ್ಕದಲ್ಲಿ ಅರ ಹಿಡಿದು ಕುಳಿತ ಮಾಲೀಕ. ಮೇಲಿನ ಫಲಕದ ಎಡಭಾಗದಲ್ಲಿ "ಯಾರಿಂದಲೂ ತೆರೆಯಲಾಗದ ಬೀಗಗಳು ದೊರೆಯುತ್ತವೆ" ಎಂದಿದೆ; ಬಲಭಾಗದಲ್ಲಿ "ಎಂತಹ ಬೀಗವನ್ನಾದರೂ ಐದೇ ನಿಮಿಷಗಳಲ್ಲಿ ತೆರೆದುಕೊಡಲಾಗುವುದು" ಎಂದಿದೆ. ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕು. ಎರಡೂ ಸುಳ್ಳಾಗಿರುವ ಸಂಭವವೇ ಹೆಚ್ಚು. ಆದರೂ ಬರೆಸಿದವನಿಗೆ ಸಂಕೋಚವಿಲ್ಲ, ಓದಿದವನಿಗೆ ಆಶ್ಚರ್ಯವಿಲ್ಲ. ಜಾಹೀರಾತು ಎಂದರೆ ಹಾಗೆಯೇ ಇರತಕ್ಕದ್ದು ಎಂಬ ಒಂದು ಮೌನ ಒಪ್ಪಂದ ಇಬ್ಬರ ನಡುವೆ ಏರ್ಪಟ್ಟಿರುತ್ತದೆ. ಶ್ರಾವಕನಾದವನು ಮೊದಲು ಮುರಿಯಬೇಕಾದುದು ಈ ಒಪ್ಪಂದವನ್ನು.

ಸಣ್ಣ ವ್ಯಾಪಾರಿಯ ಪ್ರಶ್ನೆ ಸರಳವಾದುದು: ವರ್ಷಕ್ಕೆ ಕೆಲವೇ ಸಾವಿರ ರೂಪಾಯಿಗಳನ್ನು ಪ್ರಚಾರಕ್ಕೆಂದು ತೆಗೆದಿಡಬಲ್ಲವನು ಅದನ್ನು ಎಲ್ಲಿ ಹಾಕಿದರೆ ಸಾರ್ಥಕ? ಜಾಹೀರಾತು ಸಂಗ್ರಹಿಸಲು ಬರುವ ಏಜೆಂಟರು ಇದಕ್ಕೆ ಎಷ್ಟು ಜನರ ಕಣ್ಣಿಗೆ ಬೀಳುತ್ತದೆ ಎಂಬ ಲೆಕ್ಕವನ್ನು ಕೊಡುತ್ತಾರೆ. ಧರ್ಮೋಪದೇಶಕರು ಬೇರೊಂದು ಉತ್ತರವನ್ನು ಕೊಟ್ಟು, ವ್ಯಾಪಾರ ಬೇರೆ, ವ್ರತ ಬೇರೆ ಎಂಬ ಭಾವನೆಯನ್ನು ಉಳಿಸಿ ಹೋಗುತ್ತಾರೆ. ಇಬ್ಬರ ಮಾತೂ ಅರ್ಧ ಮಾತ್ರ. ಬೇರೆ ವ್ಯಾಪಾರಗಳ ವಿಷಯ ಹೇಗೋ ಇರಲಿ; ಬೀಗದ ವ್ಯಾಪಾರದಲ್ಲಿ ಸತ್ಯವಾದ ಜಾಹೀರಾತೇ ಲಾಭದಾಯಕವಾದ ಜಾಹೀರಾತು. ಏಕೆಂದರೆ ಅಲ್ಲಿ ಗಿರಾಕಿ ಕೊಳ್ಳುವುದು ಲೋಹದ ತುಂಡನ್ನಲ್ಲ, ತನ್ನ ಮನೆಯ ಬಾಗಿಲನ್ನು ತೆರೆಯಬಲ್ಲ ಒಬ್ಬ ಅಪರಿಚಿತನ ಮೇಲಿನ ನಂಬಿಕೆಯನ್ನು.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥಧರ್ಮಕ್ಕೆ ಯೋಗ್ಯನಾದವನ ಲಕ್ಷಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಲ್ಲಿ ಇರಿಸಿದ್ದಾರೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಅದನ್ನೇ ಮೊದಲು ಹೇಳುತ್ತದೆ. ಗಳಿಕೆಯ ದಾರಿ ಶುದ್ಧವಾಗದೆ ಮುಂದಿನ ಯಾವ ಮಾತಿಗೂ ಅಲ್ಲಿ ಪ್ರವೇಶವಿಲ್ಲ. ಗಳಿಕೆಯ ದಾರಿಯಲ್ಲಿ ಜಾಹೀರಾತೂ ಸೇರಿದೆ ಎಂಬುದನ್ನು ಮಾತ್ರ ಸಮಾಜ ಮರೆತಿದೆ. ತಕ್ಕಡಿಯಲ್ಲಿ ಮೋಸ ಮಾಡಿದರೆ ಅತಿಚಾರವೆಂದು ಒಪ್ಪುವವರು ಫಲಕದ ಮೇಲೆ ಮೋಸ ಮಾಡಿದರೆ ಅದನ್ನು ಜಾಣತನ ಎನ್ನುತ್ತಾರೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಎರಡು ಬೀಗದ ಅಂಗಡಿಗೆಂದೇ ಬರೆದಂತಿವೆ. ಒಂದು ಪ್ರತಿರೂಪಕ ವ್ಯವಹಾರ. ಅಸಲಿಯ ಹೆಸರಿನಲ್ಲಿ ನಕಲಿಯನ್ನು ಸಾಗಿಸುವುದು. ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಬೇರೆಲ್ಲೋ ತಯಾರಾದ ಬೀಗವನ್ನು ದಿಂಡಿಗಲ್ಲಿನದೆಂದು ಸಾರುವುದು, ಹೆಸರಾಂತ ಕಂಪನಿಯ ಹೆಸರಿನ ಒಂದಕ್ಷರ ತಿರುಚಿದ ಮಾಲನ್ನು ಆ ಕಂಪನಿಯದೆಂಬ ಭ್ರಮೆ ಹುಟ್ಟುವಂತೆ ಜೋಡಿಸಿಡುವುದು, ಐದು ಲಿವರಿನ ಬೀಗವನ್ನು ಏಳು ಲಿವರಿನದೆಂದು ಹೇಳುವುದು, ಇವೆಲ್ಲ ಈ ಅತಿಚಾರದ ಇಂದಿನ ರೂಪಗಳು. ಇನ್ನೊಂದು ಸ್ತೇನಪ್ರಯೋಗ; ಕಳ್ಳನಿಗೆ ಪ್ರೇರಣೆಯನ್ನೋ ಸಾಧನವನ್ನೋ ಒದಗಿಸುವುದು. "ಯಾವ ಬೀಗವನ್ನಾದರೂ ತೆರೆಯುತ್ತೇವೆ, ಏನನ್ನೂ ಕೇಳುವುದಿಲ್ಲ" ಎಂಬ ಧಾಟಿಯ ಪ್ರಚಾರವನ್ನು ಓದಿ ಮನೆಯ ಯಜಮಾನ ಬರುವನೋ, ಸೋಪಿನ ಮೇಲೆ ಕೈಯ ಅಚ್ಚು ಒತ್ತಿ ತಂದವನು ಬರುವನೋ? ಮನೆಯ ಗುರುತುಪತ್ರ ನೋಡಿದ ಮೇಲೆಯೇ ಬಾಗಿಲು ತೆರೆಯಲಾಗುವುದು, ಅಚ್ಚಿನಿಂದ ಕೈ ಮಾಡಲಾಗುವುದಿಲ್ಲ, ಮಾಡಿಕೊಟ್ಟ ಕೈಯ ಪ್ರತಿಯನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂಬ ಮೂರು ಸಾಲುಗಳು ಫಲಕದ ಮೇಲಿದ್ದರೆ ಒಂದಿಬ್ಬರು ಮುನಿಸಿಕೊಂಡು ಹೋಗಬಹುದು. ಹಾಗೆ ಹೋಗುವವರು ಯಾರೆಂಬುದನ್ನು ಯೋಚಿಸಿದರೆ ಸಾಕು.

ಇದಕ್ಕಿಂತಲೂ ಸೂಕ್ಷ್ಮವಾದ ದೋಷ ಭಯದ ಪ್ರಚಾರದಲ್ಲಿದೆ. ಕತ್ತಲಲ್ಲಿ ಮುಸುಕು ಹಾಕಿದ ಕಳ್ಳನ ಚಿತ್ರ, ಅಳುತ್ತಿರುವ ಗೃಹಿಣಿ, "ಮುಂದಿನ ಸರದಿ ನಿಮ್ಮ ಮನೆಯದೇ?" ಎಂಬ ಪ್ರಶ್ನೆ. ಇಂತಹ ಕರಪತ್ರದಲ್ಲಿ ಸುಳ್ಳೇನೂ ಇಲ್ಲವಲ್ಲ ಎಂದು ವಾದಿಸುವವರುಂಟು. ಕಳ್ಳತನ ನಡೆಯುವುದೂ ನಿಜವೇ. 2013ರ ಜುಲೈಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದಲೇ ಜಿನಬಿಂಬಗಳು ಕಳವಾದವು. ಆದರೆ ಆಗಮವು ರೌದ್ರಧ್ಯಾನದ ನಾಲ್ಕು ಬಗೆಗಳನ್ನು ಹೇಳುವಾಗ ಹಿಂಸೆ, ಅಸತ್ಯ, ಚೌರ್ಯಗಳ ಜೊತೆಗೆ ನಾಲ್ಕನೆಯದಾಗಿ ವಿಷಯಸಂರಕ್ಷಣೆಯನ್ನೂ ಎಣಿಸಿದೆ. ಇರುವುದನ್ನು ಯಾರು ಕಸಿಯುವರೋ ಎಂಬ ನಿರಂತರ ಚಿಂತೆ, ಎಲ್ಲರನ್ನೂ ಶಂಕೆಯಿಂದ ನೋಡುವ ಕ್ರೂರತೆ, ಕಳ್ಳನ ಮನಸ್ಸಿನ ಕೊಳೆಯೊಡನೆ ಒಂದೇ ಸಾಲಿನಲ್ಲಿ ಕುಳಿತಿವೆ. ಬೀಗ ಮಾರುವುದು ದೋಷವಲ್ಲ. ಪರಿಮಿತ ಪರಿಗ್ರಹವುಳ್ಳ ಗೃಹಸ್ಥನಿಗೂ ಬೀಗ ಬೇಕು, ತಾಳೆಯೋಲೆಯ ಶಾಸ್ತ್ರಭಂಡಾರಕ್ಕೂ ಬೇಕು. ರಾತ್ರಿ ಬೀಗ ಹಾಕಿ ನೆಮ್ಮದಿಯಿಂದ ಮಲಗಬೇಕಾದವನನ್ನು ಬೀಗ ಹಾಕಿದ ಮೇಲೂ ಎದ್ದೆದ್ದು ನೋಡುವಂತೆ ಮಾಡಿ, ಆ ತಳಮಳದ ಮೇಲೆ ಎರಡನೆಯ ಬೀಗವನ್ನು ಮಾರುವುದು ದೋಷ.

ಬೀಗದ ಕೆಲಸದವನ ಗಿರಾಕಿ ಬಹುಮಟ್ಟಿಗೆ ಸಂಕಟದಲ್ಲಿರುವವನು. ಮದುವೆ ಮನೆಯಿಂದ ರಾತ್ರಿ ಹತ್ತಕ್ಕೆ ಹಿಂತಿರುಗಿದಾಗ ಕೈ ಸಿಗುತ್ತಿಲ್ಲ. ಒಳಗೆ ಮಗು ಚಿಲಕ ಹಾಕಿಕೊಂಡಿದೆ. ಅವನಿಗೆ ನಾಲ್ಕು ಅಂಗಡಿ ವಿಚಾರಿಸುವ ವ್ಯವಧಾನವಿಲ್ಲ. ಮೊದಲು ಸಿಕ್ಕವನನ್ನೇ ಕರೆಯುತ್ತಾನೆ. ಈ ದೌರ್ಬಲ್ಯವನ್ನು ಹಿಡಿದು ಪಶ್ಚಿಮ ದೇಶಗಳಲ್ಲಿ ಒಂದು ವಂಚನೆಯ ಜಾಲವೇ ಬೆಳೆಯಿತು. ಇಲ್ಲದ ಅಂಗಡಿಗಳ ಹೆಸರು, ಇಲ್ಲದ ವಿಳಾಸಗಳನ್ನು ಇಂಟರ್‌ನೆಟ್ಟಿನ ನಕ್ಷೆಯಲ್ಲಿ ಸೇರಿಸುವುದು, ದೂರವಾಣಿಯಲ್ಲಿ ಅಲ್ಪ ಬೆಲೆ ಹೇಳುವುದು, ಬಾಗಿಲಿಗೆ ಬಂದ ಮೇಲೆ ಬೀಗವನ್ನು ಕೊರೆದು ಹಾಳುಗೆಡವಿ ಹತ್ತು ಪಟ್ಟು ಕೇಳುವುದು. ಅಮೆರಿಕದ ಟೆಕ್ಸಾಸಿನಲ್ಲಿ ಪರವಾನಗಿಯಿಲ್ಲದ ಬೀಗದ ಕೆಲಸದವನೊಬ್ಬ ಬೇರೊಬ್ಬರ ಹೆಸರಿನಲ್ಲಿ ನಟಿಸುತ್ತಿರುವನೆಂಬ ದೂರಿನಿಂದ ಆರಂಭವಾದ ತನಿಖೆ ಗೂಗಲ್ ಸಂಸ್ಥೆಗೆ ಇಂತಹ ಸಾವಿರಾರು ಸುಳ್ಳು ನಮೂದುಗಳನ್ನು ತೋರಿಸಿತು. ಸಂಸ್ಥೆ 2025ರ ಮಾರ್ಚ್‌ನಲ್ಲಿ ನ್ಯಾಯಾಲಯಕ್ಕೆ ಹೋಯಿತು. ಭಾರತದಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿತು; ಕಡಿಮೆ ಬೆಲೆಯ ಆಮಿಷ ತೋರಿಸಿ ಕರೆಯುವ ಪ್ರಚಾರವನ್ನು 2022ರ ಮಾರ್ಗಸೂಚಿ ಪ್ರತ್ಯೇಕವಾಗಿಯೇ ಗುರುತಿಸಿತು. ಕಾಯಿದೆ ಇಷ್ಟು ತಡವಾಗಿ ಮುಟ್ಟಿದ ಜಾಗವನ್ನು ಅಣುವ್ರತ ಎಂದೋ ಮುಟ್ಟಿತ್ತು.

"ಪಕ್ಕದವನು ಕೂಗುತ್ತಿರುವಾಗ ಸತ್ಯವಂತ ಸುಮ್ಮನಿದ್ದರೆ ಅಂಗಡಿಗೆ ತಾನೇ ಬೀಗ ಹಾಕಬೇಕಾದೀತು" ಎಂಬುದು ಎದುರುವಾದ. ಸತ್ಯವೆಂದರೆ ಮೌನ ಎಂದು ಯಾವ ಆಚಾರ್ಯರೂ ಹೇಳಿಲ್ಲ. ಧೈರ್ಯವಾಗಿ ಕೂಗಿಯೂ ಸತ್ಯವನ್ನು ಪಣಕ್ಕೊಡ್ಡಬಹುದೆಂಬುದಕ್ಕೆ ಈ ಕಸುಬಿನಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಲಂಡನ್ನಿನ ಜೋಸೆಫ್ ಬ್ರಾಮಾ ಎಂಬ ಕುಶಲಕರ್ಮಿ 1790ರ ಸುಮಾರಿಗೆ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನು ಇರಿಸಿ, ಕೈಯಿಲ್ಲದೆ ಅದನ್ನು ತೆರೆಯುವ ಸಾಧನ ಮಾಡಿದವನಿಗೆ 200 ಗಿನಿ ಕೊಡುವುದಾಗಿ ಬರೆಸಿದ. ಅರುವತ್ತು ವರ್ಷ ಆ ಬೀಗ ಜಗ್ಗಲಿಲ್ಲ. 1851ರ ಲಂಡನ್ ಮಹಾಪ್ರದರ್ಶನದ ಸಮಯದಲ್ಲಿ ಅಮೆರಿಕದ ಎ. ಸಿ. ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆ ಶ್ರಮಿಸಿ ಅದನ್ನು ತೆರೆದ. ಒಂದಷ್ಟು ತಕರಾರು ನಡೆದರೂ ಬ್ರಾಮಾನ ಉತ್ತರಾಧಿಕಾರಿಗಳು ಹಣವನ್ನು ತೆತ್ತರು, ಆ ಮೇಲೂ ಬೀಗ ಮಾರುತ್ತಲೇ ಇದ್ದರು. ಗಿರಾಕಿಗಳಿಗೆ ಆ ಬೀಗದ ಬಲವೆಷ್ಟೆಂದು ಗಂಟೆಗಳ ಲೆಕ್ಕದಲ್ಲಿಯೇ ತಿಳಿದಿತ್ತು. (ಹಾಬ್ಸನೂ ತನ್ನ ಕಡೆಯ ಬೀಗಗಳನ್ನು ಮಾರಲೆಂದೇ ಬಂದವನು, ವೈರಾಗ್ಯದಿಂದ ಬಂದವನಲ್ಲ.) ತಪ್ಪಾದರೆ ನಷ್ಟ ತನಗೇ ಎಂಬ ಷರತ್ತಿನ ಪ್ರಚಾರಕ್ಕೂ, ತಪ್ಪಾದರೆ ನಷ್ಟ ಗಿರಾಕಿಗೆ ಎಂಬ ಪ್ರಚಾರಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ.

ಸಣ್ಣ ಅಂಗಡಿಯವನಿಗೆ 200 ಗಿನಿ ಬೇಕಾಗಿಲ್ಲ. ಏಳು ಲಿವರಿನ ಬೀಗವೊಂದನ್ನು ಅಡ್ಡಲಾಗಿ ಕೊಯ್ದು ಗಲ್ಲಾದ ಮೇಲಿಟ್ಟರೆ ಸಾಕು. ಬಂದವನು ಒಳಗಿನ ಲಿವರುಗಳನ್ನು ಎಣಿಸಿ ನೋಡಲಿ. ಕೈ ಮಾಡುವ, ಬಾಗಿಲು ತೆರೆಯುವ, ರಾತ್ರಿ ಬರುವ ದರಗಳನ್ನು ದೊಡ್ಡಕ್ಷರದಲ್ಲಿ ಬರೆಸಲಿ. ದಿನಪತ್ರಿಕೆಯ ಜಾಹೀರಾತನ್ನು ಇಂದು ಓದಿದವನಿಗೆ ಬೀಗ ಕೆಡುವುದು ಮೂರು ವರ್ಷಗಳ ಅನಂತರ. ಆಗ ಆ ಪತ್ರಿಕೆ ಎಲ್ಲಿರುತ್ತದೆ? ಅದೇ ಹಣದಲ್ಲಿ ಮಾರಿದ ಪ್ರತಿ ಕೈಯ ಜೊತೆಗೆ ಅಂಗಡಿಯ ಹೆಸರು, ದೂರವಾಣಿ ಸಂಖ್ಯೆ ಒತ್ತಿದ ತಗಡಿನ ಬಿಲ್ಲೆಯೊಂದನ್ನು ಕೊಟ್ಟರೆ ಅದು ಮೂರು ವರ್ಷವೂ ಗಿರಾಕಿಯ ಕಿಸೆಯಲ್ಲಿರುತ್ತದೆ. ಬಿಲ್ಲೆಯ ಮೇಲೆ ಗಿರಾಕಿಯ ಮನೆಯ ವಿಳಾಸ ಮಾತ್ರ ಇರಕೂಡದು; ಕಳೆದುಹೋದ ಕೈಗೆ ದಾರಿ ತೋರಿಸಿದಂತಾಗುತ್ತದೆ. ಕೈ ಕಳೆದುಕೊಂಡವನ ಬಿಲ್ಲೆಯೂ ಕೈಯೊಡನೆಯೇ ಹೋಗಿರುತ್ತದಾದ್ದರಿಂದ ಇನ್ನೊಂದು ಚೀಟಿಯನ್ನು ಹೊರಗಿನ ಮೀಟರಿನ ಪೆಟ್ಟಿಗೆಯೊಳಗೆ ಅಂಟಿಸಿಕೊಳ್ಳಲು ಕೊಡುವುದು ಜಾಣತನ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ನಿಜವಾದ ಹೆಸರು, ನಿಜವಾದ ವೇಳೆಯನ್ನು ಸೇರಿಸಲು ಶುಲ್ಕವಿಲ್ಲ. ರಾತ್ರಿ ಒಂಬತ್ತಕ್ಕೆ ಮಲಗುವವನು "24 ಗಂಟೆ" ಎಂದು ಹಾಕಬಾರದು, ಅಷ್ಟೆ. ಮೈಸೂರು ಕಡೆ ಬೀಗ ಎನ್ನುವುದನ್ನು ಹುಬ್ಬಳ್ಳಿಯ ಕಡೆ ಕೀಲಿ ಎನ್ನುತ್ತಾರೆ. ಫಲಕವೂ ಊರಿನ ಮಾತಿನಲ್ಲಿರಲಿ.

ಇನ್ನು ಹೇಳಲೇಬೇಕಾದ ಅಪ್ರಿಯವಾದ ಮಾತೊಂದಿದೆ. ಜೈನ ಸಮಾಜದ ಸಣ್ಣ ಅಂಗಡಿಯವನ ಜಾಹೀರಾತಿನ ಹಣದ ದೊಡ್ಡ ಪಾಲು ಹೋಗುವುದು ದಿನಪತ್ರಿಕೆಗಲ್ಲ, ಸ್ಮರಣ ಸಂಚಿಕೆಗಳಿಗೆ. ಪಂಚಕಲ್ಯಾಣ, ಬಸದಿಯ ಜೀರ್ಣೋದ್ಧಾರ, ಮಹಾವೀರ ಜಯಂತಿ, ಯುವಕ ಮಂಡಲದ ವಾರ್ಷಿಕೋತ್ಸವ. ಒಂದೊಂದಕ್ಕೂ ಒಂದು ಸಂಚಿಕೆ, ಅದರ ತುಂಬ "ಶುಭಾಶಯಗಳೊಂದಿಗೆ" ಎಂಬ ಪುಟಗಳು. ಟ್ರಸ್ಟಿನ ಮೂವರು ಹಿರಿಯರು ಅಂಗಡಿಗೆ ಬಂದು ಕುಳಿತರೆ ಮಾಲೀಕ ಇಲ್ಲವೆನ್ನಲಾರ. ಪಕ್ಕದ ಬಟ್ಟೆ ಅಂಗಡಿಯವರು ಬಣ್ಣದ ಪೂರ್ಣಪುಟ ತೆಗೆದುಕೊಂಡಿದ್ದಾರೆಂಬ ಮಾತನ್ನು ಆ ಹಿರಿಯರಲ್ಲೊಬ್ಬರು ತೇಲಿಬಿಟ್ಟಿರುತ್ತಾರೆ. ಲೆಕ್ಕ ಹಾಕಿ ನೋಡಬಹುದು: ಒಂದು ಬೀಗದಲ್ಲಿ 60 ರೂಪಾಯಿ ಉಳಿಯುವುದೆಂದು ಇಟ್ಟುಕೊಂಡರೆ, 6,000 ರೂಪಾಯಿಯ ಪುಟ ಮೈಗೂಡಲು ಆ ಪುಟವನ್ನು ನೋಡಿಯೇ 100 ಬೀಗಗಳು ಮಾರಾಟವಾಗಬೇಕು. ಸಂಚಿಕೆಯ ಜಾಹೀರಾತು ಪುಟ ನೋಡಿ ಬೀಗ ಕೊಳ್ಳಲು ಹೊರಟವರನ್ನು ಕಂಡವರುಂಟೆ?

ಹಾಗಾದರೆ ಅದು ದಾನವೆಂದು ತಿಳಿಯಬಾರದೇಕೆ ಎಂದು ಕೇಳಬಹುದು. ದಾನವಾದರೆ ಪುಟವೇಕೆ, ಹೆಸರೇಕೆ? ಪ್ರತಿಫಲದ ಬಯಕೆಯನ್ನು ನಿದಾನವೆಂದು, ಅದನ್ನು ಶಲ್ಯವೆಂದು ಹೇಳಿಕೊಟ್ಟ ಧರ್ಮ ಇದು. ಪಕ್ಕದವನ ಮೇಲಿನ ಸ್ಪರ್ಧೆಯಿಂದ ಕೊಡುವುದನ್ನು ಮಾತ್ಸರ್ಯವೆಂದು ಅತಿಥಿಸಂವಿಭಾಗದ ಅತಿಚಾರಗಳಲ್ಲಿಯೇ ಸೇರಿಸಿದೆ. ವ್ಯಾಪಾರಿಯ ಖಾತೆಯಲ್ಲಿ ಅದು "ಪ್ರಚಾರ ವೆಚ್ಚ". ಟ್ರಸ್ಟಿನ ವೇದಿಕೆಯ ಮೇಲೆ "ದಾನಿಗಳ ಔದಾರ್ಯ". ಒಂದೇ ರೂಪಾಯಿಗೆ ಎರಡು ಹೆಸರು. 1961ರ ಆದಾಯ ತೆರಿಗೆ ಕಾಯಿದೆ ವ್ಯಾಪಾರದ ವೆಚ್ಚವನ್ನು 37ನೆಯ ವಿಧಿಯಲ್ಲಿಯೂ ದಾನವನ್ನು 80ಜಿ ವಿಧಿಯಲ್ಲಿಯೂ ಬೇರೆ ಬೇರೆಯಾಗಿ ಇರಿಸಿತ್ತು. ರಾಜಕೀಯ ಪಕ್ಷಗಳ ಸ್ಮರಣ ಸಂಚಿಕೆಗೆ ಕೊಟ್ಟ ಜಾಹೀರಾತನ್ನು ವೆಚ್ಚವೆಂದು ಒಪ್ಪಲೇ ಇಲ್ಲ. ಸರ್ಕಾರಕ್ಕೆ ತಿಳಿದ ವ್ಯತ್ಯಾಸ ಬಸದಿಯ ಕಚೇರಿಗೆ ತಿಳಿಯದೆ ಇರುವುದು ವಿಪರ್ಯಾಸ. ಇಬ್ಬರೂ ಸೇರಿ ಆಡುವ ಈ ಆಟದಲ್ಲಿ ದಾನವೂ ಕೆಡುತ್ತದೆ, ಜಾಹೀರಾತೂ ಕೆಡುತ್ತದೆ. ಗುಣ ನೋಡಿ ಜಾಹೀರಾತನ್ನು ತಿರಸ್ಕರಿಸುವ ಶಕ್ತಿ ಸಂಪಾದಕರಿಗೂ ಉಳಿಯುವುದಿಲ್ಲ. ಭಯ ಹುಟ್ಟಿಸುವ ಆ ಮುಸುಕಿನ ಕಳ್ಳನ ಚಿತ್ರ ತೀರ್ಥಂಕರರ ಚಿತ್ರದ ಎದುರು ಪುಟದಲ್ಲಿ ಅಚ್ಚಾಗುವುದು ಹೀಗೆಯೇ.

ಮುಂದಿನ ಸಂಚಿಕೆಗೆ ಸಿದ್ಧತೆ ನಡೆಸಿರುವ ಟ್ರಸ್ಟುಗಳು ರಸೀದಿ ಪುಸ್ತಕವನ್ನು ಎರಡಾಗಿ ಮಾಡಲಿ. ದಾನದ ಪುಸ್ತಕವನ್ನು ಹಿಡಿದು ಬಂದಾಗ ಐವತ್ತು ರೂಪಾಯಿ ಕೊಟ್ಟವನಿಗೂ ಅದೇ ಗೌರವದ ರಸೀದಿ ಸಿಗಲಿ, ಹೆಸರು ಅಚ್ಚಾಗದಿರಲಿ. ಜಾಹೀರಾತಿನ ಪುಸ್ತಕವನ್ನು ಹಿಡಿದು ಬಂದಾಗ ಎಷ್ಟು ಪ್ರತಿ ಅಚ್ಚಾಗುತ್ತದೆ, ಎಷ್ಟು ಮನೆಗಳಿಗೆ ತಲುಪುತ್ತದೆ ಎಂಬುದನ್ನು ಬರಹದಲ್ಲಿ ಕೊಡಲಿ, ಬೇಡವೆಂದವನ ಅಂಗಡಿಯಿಂದ ಮುಖ ಗಂಟಿಕ್ಕದೆ ಎದ್ದು ಬರಲಿ. ಕಾಣಿಕೆ ಹುಂಡಿಗೆ ಎರಡು ಬೀಗ ಹಾಕಿ, ಕೈಗಳನ್ನು ಇಬ್ಬರ ಬಳಿ ಬೇರೆ ಬೇರೆಯಾಗಿ ಇಡುವ ಪದ್ಧತಿ ಅನೇಕ ಕಡೆ ಇದೆ. ಆ ಎರಡು ಬೀಗಗಳನ್ನು ಕಳೆದ ಸಾರಿ ತಂದುದು ಯಾವ ಅಂಗಡಿಯಿಂದ, ಅದರ ಹಣ ಸಂದಾಯವಾಗಿದೆಯೇ ಎಂಬುದನ್ನು, ಅರ್ಧಪುಟದ ಜಾಹೀರಾತು ಕೇಳಲು ಅದೇ ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ, ಕೋಶಾಧ್ಯಕ್ಷರು ಒಮ್ಮೆ ಖಾತೆ ತೆರೆದು ನೋಡಲಿ.