ಗಾಲಿ ದೊಡ್ಡದಾದರೆ ಸಾಕೆ?

ಕಳೆದ ಶ್ರಾವಣದ ಒಂದು ಬೆಳಗಿನಲ್ಲಿ ನನ್ನ ಸೋದರಳಿಯನು ಮೂಡಲಗಿಯಿಂದ ಗೋಕಾಕಕ್ಕೆ ಬಂದು ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿದನು. ನಾಲ್ಕು ಗಾಲಿಗಳಿಗೂ ಯಂತ್ರದ ಬಲ ಹರಿಯುವ ಜಿಮ್ನಿ ಅದು. ಅದಕ್ಕೆ ತೊಡಿಸಿದ್ದ ಟೈರುಗಳು ಹೊಸವು, ದಪ್ಪನೆಯ ಹಲ್ಲುಗಳುಳ್ಳವು. ಅವನ ಮುಖದಲ್ಲಿ ಮದುವಣಿಗನ ಕಳೆ!

“ಗಾಡಿ ಎತ್ತರ ಆಗೇತಿ ನೋಡ್ರಿ ಮಾಮಾ” ಎಂದನು.

ನಮ್ಮ ಮನೆಯಾಕೆ ಹೊರಗೆ ಬಂದು, “ಎಷ್ಟು ಎತ್ತರ ಆಗೇತೋ?” ಎಂದು ಕೇಳಿದಳು.

“ಒಂದು ಬೆರಳು, ಅತ್ತಿ.”

“ಒಂದು ಬೆರಳಿಗೆ ಇಷ್ಟು ರೊಕ್ಕಾ ಸುರದಿ?”

ನಾವು ನಕ್ಕೆವು, ಅವನು ನಗಲಿಲ್ಲ. ನಗದಿರುವುದಕ್ಕೆ ಕಾರಣವೂ ಇತ್ತು. ಹಿಂದಿನ ಮಳೆಗಾಲದಲ್ಲಿ ತೋಟದ ಮನೆಯಲ್ಲಿದ್ದ ನನ್ನ ಅಕ್ಕನಿಗೆ ರಾತ್ರಿ ಜ್ವರ ಏರಿದಾಗ, ಇದೇ ಗಾಡಿಯು ಎರೆಮಣ್ಣಿನಲ್ಲಿ ಹೂತು ನಿಂತಿತ್ತು. ನೆರೆಯವರ ಟ್ರ್ಯಾಕ್ಟರಿನಲ್ಲಿ ಆಕೆಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಹುಡುಗನ ಎದೆಯಲ್ಲಿ ಆ ರಾತ್ರಿ ಇನ್ನೂ ಮಾಸಿರಲಿಲ್ಲ. ತಾಯಿಗಾಗಿ ಮಾಡಿದ ವೆಚ್ಚವನ್ನು ಶೋಕಿಯೆಂದು ಹೇಗೆ ಕರೆಯುವುದು?

ಆದರೂ ಲೆಕ್ಕ ಲೆಕ್ಕವೇ ಅಲ್ಲವೆ? ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳನ್ನು ಓದುವುದು ಕಷ್ಟವೇನಲ್ಲ. ಜಿಮ್ನಿಗೆ ಕಂಪನಿಯು ಕೊಡುವುದು 195/80 ಆರ್ 15. ಅಗಲ 195 ಮಿಲಿಮೀಟರು. ಪಕ್ಕದ ಗೋಡೆಯ ಎತ್ತರವು ಅದರ ನೂರಕ್ಕೆ ಎಂಬತ್ತು ಪಾಲು, ಎಂದರೆ 156. ನಡುವಿನ ಉಕ್ಕಿನ ಚಕ್ರ 15 ಅಂಗುಲ, ಎಂದರೆ 381. ಒಟ್ಟು ವ್ಯಾಸ 693 ಮಿಲಿಮೀಟರು. ಅಳಿಯನು ತೊಡಿಸಿದ್ದು 235/75 ಆರ್ 15. ಅದರ ವ್ಯಾಸ ಸುಮಾರು 733. ವ್ಯಾಸ ಹೆಚ್ಚಿದ್ದು 40 ಮಿಲಿಮೀಟರಾದರೂ ಅಚ್ಚು ಏರುವುದು ಅದರ ಅರ್ಧ ಮಾತ್ರ. ಅದೇ ಆ ಒಂದು ಬೆರಳು!

ಆ ಒಂದು ಬೆರಳನ್ನು ಹಗುರವಾಗಿ ಕಾಣಬಾರದು. ಸ್ಪ್ರಿಂಗುಗಳನ್ನು ಎತ್ತರಿಸಿದರೆ ಗಾಡಿಯ ಒಡಲು ಏರುತ್ತದೆಯೇ ಹೊರತು ಅಚ್ಚು ಏರುವುದಿಲ್ಲ. ಅಚ್ಚನ್ನು ಏರಿಸಬಲ್ಲುದು ದೊಡ್ಡ ಟೈರೊಂದೇ. ಆದರೆ ಒಡಲನ್ನು ಎತ್ತರಿಸದೆ ಗಾಲಿಯನ್ನು ಮಾತ್ರ ಬೆಳೆಸಿದರೆ ಅದು ತಿರುಗುವುದಕ್ಕೆ ಜಾಗವೆಲ್ಲಿ?

ಹುಕ್ಕೇರಿಯ ಕಡೆ ಒಂದು ನಿಶ್ಚಯಕಾರ್ಯಕ್ಕೆ ನಾವು ಹೊರಟೆವು. ಡಾಂಬರು ರಸ್ತೆಯಲ್ಲಿ ಎಲ್ಲವೂ ಸುಖ. ಹೊಲದ ದಾರಿಗೆ ಹೊರಳಿದಾಗ ಎಡಗಡೆಯ ಮುಂಗಾಲಿಯು ದಿಬ್ಬವನ್ನೇರಿತು. ಅಳಿಯನು ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದನು. ಕರಕರನೆ ಸದ್ದು! ಇಳಿದು ನೋಡಿದರೆ ಟೈರಿನ ಹಲ್ಲುಗಳು ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಹರಿದಿದ್ದವು.

“ಅಂಗಡ್ಯಾಗ ತಿರುಗಿಸಿ ನೋಡಿದ್ರು ಮಾಮಾ, ಎಲ್ಲೂ ತಾಗಿರಲಿಲ್ಲ” ಎಂದನು, ಪೆಚ್ಚಾಗಿ.

ತಾಗುವುದಾದರೂ ಹೇಗೆ? ಅಂಗಡಿಯ ನೆಲ ಸಮತಟ್ಟು, ಗಾಡಿ ಬರಿದು. ಪರೀಕ್ಷೆ ಮಾಡಬೇಕಾದ ರೀತಿಯೇ ಬೇರೆ. ನಾಲ್ಕು ಜನ ಕುಳಿತು, ಒಂದು ಮುಂಗಾಲಿಯನ್ನು ಭದ್ರವಾದ ದಿಮ್ಮಿಯ ಮೇಲೆ ಮೆಲ್ಲಗೆ ಹತ್ತಿಸಿ, ಸ್ಪ್ರಿಂಗು ಅದುಮಿದ ಸ್ಥಿತಿಯಲ್ಲಿ ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಬೇಕು. ಬಳಿಕ ಇನ್ನೊಂದು ಮುಂಗಾಲಿಯನ್ನು ಹತ್ತಿಸಿ ಹಾಗೆಯೇ ನೋಡಬೇಕು. ಪ್ಲಾಸ್ಟಿಕ್ ಹರಿದರೆ ಹೋಯಿತೆನ್ನಬಹುದು. ಬ್ರೇಕಿನ ಕೊಳವೆಗೆ ತಗಲಿದರೆ ಗತಿಯೇನು?

ಇನ್ನೊಂದು ಸಂಗತಿಯನ್ನು ಮೂಡಲಗಿಯ ಚಕ್ಕಡಿ ಹೊಡೆಯುವ ಹಿರಿಯರು ಎಂದೋ ಬಲ್ಲರು. ಅಲ್ಲಿನ ಎರೆಯು ಮಳೆ ಬಿದ್ದೊಡನೆ ಗಾಲಿಗೆ ಮೆತ್ತಿ, ಸುತ್ತು ಸುತ್ತಿಗೂ ದಪ್ಪವಾಗುತ್ತದೆ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ತೆರವಿದ್ದರೆ ಅದು ಉದುರಲು ದಾರಿಯಿರುತ್ತದೆ. ತೆರವನ್ನೆಲ್ಲ ಟೈರೇ ನುಂಗಿದ್ದರೆ ಮಣ್ಣು ಗಿಡಿದುಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಯಾವ ಕೆಸರಿಗಾಗಿ ಟೈರು ತಂದೆವೋ ಆ ಕೆಸರಿನಲ್ಲಿಯೇ ಅದು ಕೈಕೊಟ್ಟಂತಾಯಿತು!

ನಷ್ಟಗಳು ಇಷ್ಟಕ್ಕೇ ಮುಗಿಯುವುದಿಲ್ಲ. ಗಾಲಿಯ ಸುತ್ತಳತೆ ಹೆಚ್ಚಿದ್ದರಿಂದ ವೇಗದ ಮುಳ್ಳು 80 ತೋರಿಸುವಾಗ ಗಾಡಿಯು 85ರ ಹತ್ತಿರ ಓಡುತ್ತಿರುತ್ತದೆ. ಎಂಜಿನು ನೆಲಕ್ಕೆ ಮುಟ್ಟಿಸುವ ಬಲವೂ, ಅಷ್ಟೇ ತುಳಿತಕ್ಕೆ ಬ್ರೇಕು ನೀಡುವ ಹಿಡಿತವೂ ನೂರಕ್ಕೆ ಐದರಷ್ಟು ಇಳಿಯುತ್ತವೆ. ಟೈರಿನ ಹೆಚ್ಚಿದ ತೂಕ ಬೇರೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟುಗಳಿಗೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಕಡಿವಾಣ ಹಾಕಿದೆ. ಆದ್ದರಿಂದ ಸಾರಿಗೆ ಕಚೇರಿಯವರನ್ನೂ ವಿಮೆಯವರನ್ನೂ ಮೊದಲೇ ವಿಚಾರಿಸುವುದು ಲೇಸು.

ಹಾಗಾದರೆ ಮಾಡಬೇಕಾದುದೇನು? ಅಳಿಯನು ಆ ಟೈರುಗಳನ್ನು ಬೇರೊಬ್ಬರಿಗೆ ಕೊಟ್ಟು, 215/75 ಆರ್ 15 ಅಳತೆಯವನ್ನು ಹಾಕಿಸಿಕೊಂಡನು. ವ್ಯಾಸದಲ್ಲಿ ಹೆಚ್ಚಿದ್ದು ಹತ್ತು ಮಿಲಿಮೀಟರು ಮಾತ್ರ. ದಿಮ್ಮಿಯ ಪರೀಕ್ಷೆಯಲ್ಲಿ ಎಲ್ಲಿಯೂ ತಾಗಲಿಲ್ಲ. ಹಲ್ಲುಗಳು ಒಳ್ಳೆಯವಿದ್ದರೆ ಕೆಸರಿನಲ್ಲಿ ಹಿಡಿತ ಸಿಗುತ್ತದೆ. ಎರೆಗೆ ಇಳಿಯುವ ಮೊದಲು ಗಾಳಿಯನ್ನು ತುಸು ಇಳಿಸಿದರೆ ಟೈರು ನೆಲವನ್ನು ಉದ್ದಕ್ಕೆ ಅಪ್ಪಿಕೊಳ್ಳುತ್ತದೆ. ಡಾಂಬರಿಗೆ ಬಂದಕೂಡಲೇ ಮತ್ತೆ ತುಂಬಿಸುವ ಸಣ್ಣ ಪಂಪೊಂದು ಜೊತೆಗಿರಬೇಕು. ಈ ಮಳೆಗಾಲದಲ್ಲಿ ಅವನು ಎರಡು ಸಲ ತಾಯಿಯನ್ನು ತೋಟದಿಂದ ಊರಿಗೆ ಕರೆತಂದನು, ಗಾಡಿ ಹೂಳಲಿಲ್ಲ.

ಒಂದು ಮಾತನ್ನು ಮಾತ್ರ ಅವನಿಂದ ಆಡಿಸಿಕೊಂಡಿದ್ದೇನೆ. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕದ ಮನೆಗಳಿಗೆ ನುಗ್ಗಿ, ಲೋಳಸೂರ ಸೇತುವೆಯನ್ನು ಮುಳುಗಿಸಿದ್ದು ನಮಗೆಲ್ಲ ನೆನಪಿದೆ. ಸೇತುವೆಯ ಮೇಲೆ ನೀರು ಹರಿಯುವಾಗ, ಗಾಡಿ ಎಂಥದೇ ಇರಲಿ, ದಡದಲ್ಲಿಯೇ ನಿಲ್ಲತಕ್ಕದ್ದು. ನಾವು ರೊಕ್ಕ ಸುರಿದು ಏರಿಸುವುದು ಒಂದು ಬೆರಳು. ಹೊಳೆ ಏರುವುದು ಗೇಣುಗಟ್ಟಲೆ.