ಕಮಾನು ಗಟ್ಟಿ, ಕಾಳಜಿ ಸಡಿಲ

ಮಳೆಗಾಲ ಬಂತೆಂದರೆ ಕೃಷ್ಣಾ ತೀರದ ಹಳ್ಳಿಗಳಲ್ಲಿ ಮೊದಲು ಕೇಳುವ ಮಾತು ಒಂದೇ: “ಆಯರ್ವಿನ್ ಪೂಲ್ ಎಷ್ಟು ಫೂಟ್ ಐತ್ರಿ?” ಸಾಂಗಲಿಯ ಈ ಕಲ್ಲಿನ ಕಮಾನು ಸೇತುವೆ 1929ರಲ್ಲಿ ಸಂಚಾರಕ್ಕೆ ತೆರೆಯಿತು. ಅಂದಿನ ವೈಸ್‌ರಾಯ್ ಹೆಸರು ಹೊತ್ತ ಇದು ಇಂದಿಗೂ ನೆರೆ ಅಳೆಯುವ ಅಳತೆಗೋಲು. ಇಲ್ಲಿ 45 ಅಡಿ ದಾಟಿದರೆ ಅಪಾಯ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ಮೀರಿ, ಸಾಂಗಲಿ ಊರೇ ಮುಳುಗಿತು. ಸೇತುವೆ ಮಾತ್ರ ನಿಂತೇ ಇತ್ತು.

ಕಬ್ಬಿಣವಿಲ್ಲದೆ ಇಂಥ ಸೇತುವೆ ನಿಲ್ಲುವುದು ಹೇಗೆ? ಬೆಣೆಯಂತೆ ಕಡಿದ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಮೇಲಿನ ಭಾರ ಕಮಾನಿನ ಗುಂಟ ಇಳಿದು ಕಂಬದ ಬುಡ ಸೇರುತ್ತದೆ. ಹೀಗಾಗಿ ಇದಕ್ಕೆ ದೊಡ್ಡ ವೈರಿ ಇರುವುದು ಕೆಳಗೆ. ಪ್ರವಾಹದ ಸೆಳೆತ ಬುಡದ ಮಣ್ಣು ಕೊರೆದು, ಒಂದು ಕಂಬ ಜಗ್ಗಿದರೆ ಕಮಾನೂ ಉಳಿಯದು. ಇನ್ನೊಂದು ವೈರಿ ಸಂದಿಯಲ್ಲಿ ಹುಟ್ಟುವ ಆಲ, ಅರಳಿ ಸಸಿ. ಬೆರಳಿನಷ್ಟಿದ್ದಾಗ ಕಿತ್ತರೆ ಮುಗಿಯಿತು, ಬಿಟ್ಟರೆ ಅದರ ಬೇರು ಕಲ್ಲನ್ನೇ ಸೀಳುತ್ತದೆ.

“ಬ್ರಿಟಿಷರ ಕಾಲದ್ದು, ಏನೂ ಆಗಂಗಿಲ್ಲ ಬಿಡ್ರಿ” ಎನ್ನುವವರು ಬಹಳ. ಅವರು ರಾಯಗಡ ಜಿಲ್ಲೆಯ ಮಹಾಡವನ್ನು ನೆನಪಿಸಿಕೊಳ್ಳಬೇಕು. 1928ರಲ್ಲಿ ಕಟ್ಟಿದ ಸಾವಿತ್ರಿ ನದಿಯ ಕಲ್ಲಿನ ಸೇತುವೆ 2016ರ ಆಗಸ್ಟ್ 2ರ ರಾತ್ರಿ ನೆರೆಗೆ ಕೊಚ್ಚಿಹೋಯಿತು. ಕತ್ತಲಲ್ಲಿ ಬಂದ ಎರಡು ಎಸ್‌ಟಿ ಬಸ್ಸುಗಳು ಪ್ರಯಾಣಿಕರ ಸಮೇತ ನದಿಪಾಲಾದವು. ಹೊಸ ಸೇತುವೆ 2017ರ ಜೂನ್‌ನಲ್ಲೇ ಸಿದ್ಧವಾಯಿತು. ವರ್ಷದೊಳಗೆ ಮಾಡಬಹುದಾದ ಕೆಲಸಕ್ಕೆ ಜನ ಸಾಯಬೇಕಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಕೊಲ್ಹಾಪುರದ ಪಾಠ ಬೇರೆ. ಪಂಚಗಂಗಾ ನದಿಯ ಶಿವಾಜಿ ಪೂಲ್ 1870ರ ದಶಕದ್ದು, ಎತ್ತಿನ ಗಾಡಿಗಳ ಕಾಲದ್ದು. 2018ರ ಜನವರಿಯಲ್ಲಿ ಮಿನಿಬಸ್ಸೊಂದು ಅದರ ಬದಿಗೋಡೆ ಒಡೆದು ನದಿಗೆ ಬಿದ್ದು 13 ಜನ ಸತ್ತರು. ಅಲ್ಲಿ ಕಮಾನು ಕುಸಿದಿರಲಿಲ್ಲ. ಪಕ್ಕದ ಹೊಸ ಸೇತುವೆ ಪ್ರಾಚೀನ ಸ್ಮಾರಕ ಕಾಯ್ದೆಯ ತೊಡಕಿಗೆ ಸಿಕ್ಕು ಅರ್ಧಕ್ಕೆ ನಿಂತಿದ್ದರಿಂದ ಇಂದಿನ ವಾಹನಗಳ ಭಾರವೆಲ್ಲ ಹಳೆಯದರ ಮೇಲೇ ಇತ್ತು.

ಹಾಗಂತ ಹಳೆಯದನ್ನೆಲ್ಲ ಕೆಡವಿ ಹಾಕಬೇಕೆ? ಅದೂ ತಪ್ಪು. 2019ರ ನೆರೆಯಲ್ಲಿ ನಿಂತ ಆಯರ್ವಿನ್ ಪೂಲೇ ಅದಕ್ಕೆ ಉತ್ತರ. ದೊಡ್ಡ ಗಾಡಿಗಳಿಗೆ ಹೊಸ ಸೇತುವೆ, ಹಳೆಯದರ ಮೇಲೆ ಸೈಕಲ್, ಬೈಕ್, ಕಾಲ್ನಡಿಗೆಯವರು, ಹೀಗೆ ಹಂಚಿದರೆ ಎರಡೂ ಬಾಳುತ್ತವೆ.

ಜತ್ತ, ಅಕ್ಕಲಕೋಟ ಭಾಗದ ಹಳ್ಳ-ಹೊಳೆಗಳಲ್ಲಿ ಹೆಸರಿಲ್ಲದ ಸಣ್ಣ ಮೋರಿ, ಕಮಾನುಗಳ ಗತಿಯೇನು? ಹೆದ್ದಾರಿಯ ಸೇತುವೆ ಬಿದ್ದರೆ ಮಂತ್ರಿಗಳು ಬರುತ್ತಾರೆ. ಹಳ್ಳದ ಮೋರಿ ಬಿದ್ದರೆ ಶಾಲೆಯ ಮಕ್ಕಳು ಸುತ್ತು ಹಾಕಿ ಹೋಗುತ್ತಾರೆ, ಅಷ್ಟೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರಾಲಿ ಕಟ್ಟಿ ಇವುಗಳ ಮೇಲೇ ಸಾಗಿಸುವುದನ್ನು ಎಲ್ಲರೂ ನೋಡಿದ್ದಾರೆ, ತಡೆದವರು ಕಡಿಮೆ.

ಬೇಕಾದದ್ದು ಕೋಟಿಗಟ್ಟಲೆ ಹಣವಲ್ಲ. ಮಳೆಗೆ ಮುಂಚೆ ಸಸಿ ಕೀಳಬೇಕು, ಸಂದಿಗೆ ಗಾರೆ ತುಂಬಬೇಕು. ನೆರೆ ಇಳಿದ ಮೇಲೆ ಕಂಬದ ಬುಡ ನೋಡಬೇಕು. ಎಷ್ಟು ಟನ್ ದಾಟಬಹುದು ಎಂಬ ಫಲಕವನ್ನು ಮರಾಠಿಯ ಜೊತೆ ಕನ್ನಡದಲ್ಲೂ ಹಾಕಬೇಕು. ಗಾಡಿ ಹೊಡೆಯುವವನಿಗೆ ಓದಲು ಬಾರದ ಎಚ್ಚರಿಕೆಯಿಂದ ಏನು ಉಪಯೋಗ? ಗ್ರಾಮಸಭೆಯಲ್ಲಿ ಜನ ಇದನ್ನು ಗಟ್ಟಿಯಾಗಿ ಕೇಳಬೇಕು, ಠರಾವು ಮಾಡಿಸಿ ಜಿಲ್ಲಾ ಪರಿಷತ್ತಿಗೆ ಮುಟ್ಟಿಸಬೇಕು. ಹಳ್ಳಕ್ಕೆ ನೀರು ಬಂದ ಮೇಲೆ ಕೇಳಿದರೆ ತಡವಾಗಿರುತ್ತದೆ.