ಹಳೆಯ ಕಾರಿನ ಆಯ್ಕೆ: ಗುಡ್ಡದ ದಾರಿ ಏನು ಕೇಳುತ್ತದೆ?

ಕಲಬುರಗಿ ನಗರದಲ್ಲಿ ಉದ್ಯೋಗ, ಕಮಲಾಪುರದ ಗುಡ್ಡಗಳ ಸೆರಗಿನಲ್ಲಿ ಮನೆ ಮತ್ತು ಹೊಲ. ಇಂಥ ಎರಡು ಬದುಕುಗಳನ್ನು ಒಂದೇ ದಿನದಲ್ಲಿ ಬಾಳುವ ತರುಣರ ಸಂಖ್ಯೆ ನಮ್ಮಲ್ಲಿ ಹೆಚ್ಚುತ್ತಿದೆ. ಅವರಲ್ಲೊಬ್ಬ ಈಚೆಗೆ ಎರಡು ಹಳೆಯ ವಾಹನಗಳ ಚಿತ್ರಗಳನ್ನು ತೋರಿಸಿ, ‘ಅಕ್ಕಾರ, ಇವೆರಡರಾಗ ಯಾವ್ದು ತಗೊಳ್ಳಲಿ?’ ಎಂದು ಕೇಳಿದ. ಒಂದು, ಎರಡು ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ ಸ್ಪೋರ್ಟ್ಸ್ ಕೂಪೆ. ಇನ್ನೊಂದು, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹರಿಯುವ, ಐದು ಜನ ಕುಳಿತು ಹಿಂದೆ ಸಾಮಾನು ತುಂಬಬಹುದಾದ ವ್ಯಾಗನ್. ಹತ್ತು ಹನ್ನೆರಡು ವರ್ಷ ಓಡಿದ ಮೇಲೆ ದುಬಾರಿ ಕಾರುಗಳೂ ಮೂಲ ಬೆಲೆಯ ಸಣ್ಣ ಪಾಲಿಗೆ ದೊರೆಯುತ್ತವೆಯಾದ್ದರಿಂದ ಎರಡಕ್ಕೂ ಕೇಳುತ್ತಿದ್ದ ಹಣ ಹೆಚ್ಚುಕಡಿಮೆ ಒಂದೇ.

ಮೇಲ್ನೋಟಕ್ಕೆ ಇದು ಅವರವರ ಜೇಬಿಗೆ ಸಂಬಂಧಿಸಿದ ಪ್ರಶ್ನೆ. ಆದರೆ ಕೊಂಡ ವಾಹನ ಓಡುವುದು ಊರಿನ ದಾರಿಯಲ್ಲಿ, ತುಳಿಯುವುದು ಎಲ್ಲರ ಮಣ್ಣನ್ನು, ಹೊಗೆ ಬಿಡುವುದು ಎಲ್ಲರೂ ಉಸಿರಾಡುವ ಗಾಳಿಗೆ. ಆದ್ದರಿಂದ ಈ ಪುಟಗಳಲ್ಲಿ ಇದನ್ನು ಚರ್ಚಿಸುವುದು ಅಪ್ರಸ್ತುತವಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇವೆರಡರಲ್ಲಿ ವ್ಯಾಗನ್ನೇ ಸರಿಯಾದ ಆಯ್ಕೆ. ಆದರೆ ಬಹುಮಂದಿ ಅದನ್ನು ಮೆಚ್ಚುವುದು ನಾಲ್ಕು ಗಾಲಿಗಳ ಬಲಕ್ಕಾಗಿ. ನಾನು ಮೆಚ್ಚುವುದು ಅದಕ್ಕಾಗಿ ಅಲ್ಲ. ಆ ಬಲವನ್ನು ನಮ್ಮ ಗುಡ್ಡಗಳಲ್ಲಿ ಎಷ್ಟು ಕಡಿಮೆ ಬಳಸುತ್ತೇವೋ ಅಷ್ಟು ಒಳ್ಳೆಯದು ಎಂಬುದು ಈ ಲೇಖನದ ಸಾರ.

ದಾರಿಯ ಲೆಕ್ಕ

ಕಲಬುರಗಿಯಿಂದ ಕಮಲಾಪುರಕ್ಕೆ ಸುಮಾರು 40 ಕಿಲೋಮೀಟರು. ಕುರಿಕೋಟಾ ಸೇತುವೆ ದಾಟಿ ಬರುವ ಈ ಹುಮನಾಬಾದ್ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 50ರ ಭಾಗ. ಇಂಥ ಹೆದ್ದಾರಿಯ ಮೇಲೆ ಕೂಪೆಯನ್ನು ಹಳಿಯಲು ಕಾರಣವಿಲ್ಲ. ಅದರ ಭಾರದ ಕೇಂದ್ರ ತಗ್ಗಿನಲ್ಲಿರುವುದರಿಂದ ತಿರುವಿನಲ್ಲಿ ವಾಲುವುದು ಕಡಿಮೆ, ಬ್ರೇಕು ಬಿಗಿ, ಓಡಿಸುವವನಿಗೆ ಸಂತೋಷವೂ ಉಂಟು. ದುಡಿದ ಹಣದಲ್ಲಿ ಸಂತೋಷ ಪಡುವುದು ಅಪರಾಧವೇನೂ ಅಲ್ಲ.

ತೊಡಕು ಆರಂಭವಾಗುವುದು ಹೆದ್ದಾರಿ ಬಿಟ್ಟು ಊರಿನ ದಾರಿ ಹಿಡಿದಾಗ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ವೇಗತಡೆಯ ದಿಬ್ಬ 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ ಇರಬೇಕು. ನಮ್ಮ ಊರುಗಳ ದಿಬ್ಬಗಳನ್ನು ಹಾಕಿದವರು ಆ ನಿಯಮವನ್ನು ಓದಿದಂತೆ ತೋರುವುದಿಲ್ಲ. ಅವು ಕಿರಿದು, ಕಡಿದು, ಎತ್ತರ. ಕೂಪೆಯ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ ಸಾಮಾನ್ಯವಾಗಿ ಒಂದು ಗೇಣಿಗೂ ಬಹಳ ಕಡಿಮೆ. ಅದರ ಟೈರಿನ ಗೋಡೆಯೂ ಗಿಡ್ಡವಾದ್ದರಿಂದ ಗುಂಡಿಯ ಅಂಚು ನೇರವಾಗಿ ಗಾಲಿಯ ಲೋಹಕ್ಕೆ ಬಡಿಯುತ್ತದೆ.

ಇದಕ್ಕಿಂತ ಮುಖ್ಯವಾದುದು ಮನೆಯ ಲೆಕ್ಕ. ಮಂಡಿನೋವಿನ ತಾಯಿಯನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯುವಾಗ ಎರಡು ಬಾಗಿಲಿನ ಕಾರಿನ ಹಿಂದಿನ ಆಸನ ಇದ್ದೂ ಇಲ್ಲದಂತೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಅಷ್ಟು ಕಾಲ ಸಲಹಿದ ಗೊನೆಯನ್ನು ಗಾಯವಾಗದಂತೆ ಬೀಗರ ಮನೆಗೋ ನಗರದ ಗಿರಾಕಿಗೋ ಒಯ್ಯಲು ಸಮತಟ್ಟಾದ, ಅಗಲವಾದ ಜಾಗ ಬೇಕು. ಗೊಬ್ಬರದ ಚೀಲ, ಸಸಿಯ ತಟ್ಟೆ, ಶಾಲೆಯ ಮಕ್ಕಳು, ಇವೆಲ್ಲ ವ್ಯಾಗನ್ನಿನ ಪರವಾಗಿಯೇ ಸಾಕ್ಷಿ ನುಡಿಯುತ್ತವೆ.

ನಾಲ್ಕು ಗಾಲಿಗಳ ಬಲ ಎಂದರೇನು?

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡು ಗಾಲಿಗಳಿಗೆ ಹೋಗುತ್ತದೆ. ಅವುಗಳಲ್ಲಿ ಒಂದು ಕೆಸರಿನಲ್ಲಿ ಜಾರತೊಡಗಿದರೆ ಬಲವೆಲ್ಲ ಆ ಜಾರುವ ಗಾಲಿಯಲ್ಲೇ ಪೋಲಾಗಿ ಕಾರು ನಿಂತಲ್ಲೇ ನಿಲ್ಲುತ್ತದೆ. ನಾಲ್ಕು ಗಾಲಿ ಚಾಲನೆಯಲ್ಲಿ ಹಿಡಿತವಿರುವ ಉಳಿದ ಗಾಲಿಗಳಿಗೂ ಬಲ ಸಿಗುವುದರಿಂದ ಕಾರು ಮೇಲೇಳುತ್ತದೆ. ಉಪಯೋಗ ಇಷ್ಟೇ: ಹೊರಡುವುದಕ್ಕೆ ಮತ್ತು ಏರುವುದಕ್ಕೆ.

ನಿಲ್ಲುವುದಕ್ಕೆ ಅದರಿಂದ ಯಾವ ಸಹಾಯವೂ ಇಲ್ಲ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಗಾಲಿಗಳಿಗೇ ಇದೆ. ಮಳೆಯಲ್ಲಿ ಘಾಟಿನ ಇಳಿಜಾರಿನಲ್ಲಿ ನಮ್ಮನ್ನು ಕಾಯುವುದು ಟೈರಿನ ಸವೆಯದ ಗೀರುಗಳು ಮತ್ತು ಕಡಿಮೆ ವೇಗ. ನಾಲ್ಕು ಗಾಲಿಗಳ ಬಲವಿದೆ ಎಂಬ ಭರವಸೆಯಿಂದ ವೇಗವಾಗಿ ಇಳಿಯುವವನು ತನ್ನನ್ನೂ ಎದುರಿಗೆ ಬರುವವರನ್ನೂ ಅಪಾಯಕ್ಕೆ ಒಡ್ಡುತ್ತಾನೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಉಂಟು. ನಾಲ್ಕು ಗಾಲಿ ಚಾಲನೆ ಬೇರೆ, ನೆಲದಿಂದ ಎತ್ತರ ಬೇರೆ. ಆಡಿ ಟಿಟಿ ಕೂಪೆಯ ಕ್ವಾಟ್ರೊ ಮಾದರಿಯಲ್ಲಿ ನಾಲ್ಕೂ ಗಾಲಿಗಳಿಗೆ ಬಲವಿದ್ದರೂ ಅದು ಬಂಡಿದಾರಿಗೆ ಬಾರದು. 2014ರಲ್ಲಿ ನಮ್ಮಲ್ಲಿ ಬಂದ ನಾಲ್ಕು ಗಾಲಿ ಚಾಲನೆಯ ರೆನೊ ಡಸ್ಟರ್‌ಗೆ ನೆಲದಿಂದ 210 ಮಿಲಿಮೀಟರು ಅಂತರವಿತ್ತು. ಅದೇ ಡಸ್ಟರ್‌ನ ಎರಡು ಗಾಲಿ ಚಾಲನೆಯ ಮಾದರಿಗೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ವರ್ಷದ ಬಹುಪಾಲು ದಿನಗಳಲ್ಲಿ ನಮ್ಮ ದಾರಿ ಕೇಳುವುದು ಆ ಎತ್ತರವನ್ನು.

ಮಣ್ಣು ಹೇಳುವ ಮಾತು

ಕಲಬುರಗಿಯ ಸುತ್ತಲಿನ ಎರೆಮಣ್ಣು ದಖ್ಖನಿನ ಕಪ್ಪುಶಿಲೆ ಶಿಥಿಲಗೊಂಡು ಹುಟ್ಟಿದ್ದು. ಅದರಲ್ಲಿರುವ ಸ್ಮೆಕ್ಟೈಟ್ ವರ್ಗದ ಜೇಡಿಯು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಹಸಿಯಾದಾಗ ಈ ಮಣ್ಣು ಟೈರಿನ ಗೀರುಗಳನ್ನೆಲ್ಲ ಮೆತ್ತಿ ಮುಚ್ಚಿಬಿಡುವುದರಿಂದ ನಾಲ್ಕು ಗಾಲಿಗಳೂ ಒಟ್ಟಿಗೇ ಜಾರುತ್ತವೆ. ಅಂದರೆ ಆ ಬಲ ಹೆಚ್ಚು ಬೇಕೆನಿಸುವ ದಿನವೇ ಅದು ಕೈಕೊಡುವುದುಂಟು.

ಕೈಕೊಡದಿದ್ದರೆ ಇನ್ನೂ ಕೆಡುಕು. ತೇವದ ಮಣ್ಣಿನ ಮೇಲೆ ಟನ್ನಿಗೂ ಮಿಕ್ಕಿದ ಭಾರ ಹಾದರೆ ಕಣಗಳ ನಡುವಿನ ಗಾಳಿಯ ರಂಧ್ರಗಳು ಮುಚ್ಚಿಹೋಗುತ್ತವೆ. ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. 2019ರಲ್ಲಿ ಭೌಗೋಳಿಕ ಸೂಚಿ ಪಡೆದ ನಮ್ಮ ತೊಗರಿ ಆಳಕ್ಕೆ ತಾಯಿಬೇರು ಇಳಿಸಿ ಬರಗಾಲವನ್ನು ತಾಳಿಕೊಳ್ಳುವ ಬೆಳೆ. ಗಟ್ಟಿಯಾದ ಪದರ ಎದುರಾದರೆ ಆ ಬೇರು ಅಡ್ಡಕ್ಕೆ ತಿರುಗುತ್ತದೆ. ಮೇಲ್ಪದರದ ಗಡಸನ್ನು ಎರೆಮಣ್ಣು ತನ್ನ ಬಿರುಕುಗಳಿಂದ ಸ್ವಲ್ಪಮಟ್ಟಿಗೆ ಸರಿಪಡಿಸಿಕೊಳ್ಳಬಲ್ಲದು. ಒಳಪದರದ ಗಡಸು ವರ್ಷಗಟ್ಟಲೆ ಉಳಿಯುತ್ತದೆ.

ಕಮಲಾಪುರದ ಕಡೆಯ ಗುಡ್ಡಗಳ ಕೆಮ್ಮಣ್ಣು ಮತ್ತು ಜಂಬಿಟ್ಟಿಗೆಯ ನೆಲದಲ್ಲಿ ಹಾನಿಯ ರೂಪ ಬೇರೆ. ಇಳಿಜಾರಿನಲ್ಲಿ ನೇರವಾಗಿ ಏರಿದ ವಾಹನದ ಗಾಲಿ ಜಾರಿ ಹುಲ್ಲನ್ನು ಕಿತ್ತು ಎರಡು ಗೀರು ಬಿಡುತ್ತದೆ. ಮೊದಲ ಮಳೆಯಲ್ಲಿ ಗೀರು ನೀರಿನ ಹಾದಿಯಾಗುತ್ತದೆ, ನಾಲ್ಕಾರು ಮಳೆಗಾಲದಲ್ಲಿ ಕೊರಕಲಾಗುತ್ತದೆ. ಮಲೆನಾಡಿನ ಕೊಡಚಾದ್ರಿಗೆ ಪ್ರವಾಸಿಗರನ್ನು ಹೊತ್ತು ಏರುವ ಜೀಪುಗಳ ದಾರಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮಲ್ಲಿ ಮಳೆ ಕಡಿಮೆ, ಆದ್ದರಿಂದ ಗಾಯ ಮಾಯುವುದೂ ನಿಧಾನ. ಕಿತ್ತ ಹುಲ್ಲು ಮತ್ತೆ ಹಬ್ಬಲು ತೇವ ಸಿಗುವುದು ವರ್ಷದಲ್ಲಿ ಕೆಲವೇ ತಿಂಗಳು. ಇನ್ನು ಚಿಂಚೋಳಿ ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ವಾಹನ ನುಗ್ಗಿಸುವುದು ಕಾನೂನಿನ ಕಣ್ಣಿನಲ್ಲೂ ಅಪರಾಧ. ಬಲವಿರುವ ವಾಹನ ದಾರಿಯಿಲ್ಲದ ಕಡೆ ದಾರಿ ಮಾಡುವ ಆಸೆ ಹುಟ್ಟಿಸುತ್ತದೆ. ತರುಣರು ಎಚ್ಚರ ವಹಿಸಬೇಕಾದುದು ಇಲ್ಲಿಯೇ.

ಇಂಧನದ ಲೆಕ್ಕ

ದಿನಕ್ಕೆ ಹೋಗಿಬರಲು 80 ಕಿಲೋಮೀಟರು, ವರ್ಷಕ್ಕೆ 300 ದಿನ ಎಂದರೆ 24,000 ಕಿಲೋಮೀಟರು. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ, ಡೀಸೆಲು ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಪೆಟ್ರೋಲಿನ ಕೂಪೆ ಲೀಟರಿಗೆ 10, ಡೀಸೆಲಿನ ನಾಲ್ಕು ಗಾಲಿ ವ್ಯಾಗನ್ 14, ಅದರದೇ ಎರಡು ಗಾಲಿಯ ಮಾದರಿ 16 ಕಿಲೋಮೀಟರು ಓಡುತ್ತದೆ ಎಂದಿಟ್ಟುಕೊಳ್ಳೋಣ. ಆಗ ವರ್ಷದ ಹೊಗೆ ಕ್ರಮವಾಗಿ ಸುಮಾರು 5.5 ಟನ್, 4.6 ಟನ್ ಮತ್ತು 4 ಟನ್.

ಕೂಪೆಗೂ ವ್ಯಾಗನ್ನಿಗೂ ಇರುವ ಅಂತರ ಒಂದು ಟನ್ನಿಗಿಂತ ಕಡಿಮೆ ಎಂಬುದನ್ನು ಗಮನಿಸಿ. ಈಗ ಅದೇ ವ್ಯಾಗನ್ನಿನ ಒಡೆಯನು ವಾರದ ಆರು ಕೆಲಸದ ದಿನಗಳಲ್ಲಿ ಎರಡು ದಿನ ಅದನ್ನು ಮನೆಯಲ್ಲೇ ಬಿಟ್ಟರೆ ಉಳಿತಾಯ ಒಂದೂವರೆ ಟನ್! ಯಾವ ಕಾರು ಎಂಬ ಪ್ರಶ್ನೆಗಿಂತ ಎಷ್ಟು ದಿನ ಎಂಬ ಪ್ರಶ್ನೆ ದೊಡ್ಡದು. ಬೀದರ–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ಕಮಲಾಪುರಕ್ಕೂ ನಿಲ್ದಾಣ ಬಂದಿದೆ. ರೈಲಿನ ವೇಳೆ ಎಲ್ಲರಿಗೂ ಹೊಂದದಿರಬಹುದು, ಆದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ. 2023ರ ಜೂನ್‌ನಿಂದ ನಮ್ಮ ಹೆಣ್ಣುಮಕ್ಕಳು ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣ ಕೊಡಬೇಕಿಲ್ಲ.

ಕೊಳ್ಳುವ ಮುನ್ನ

ಹಳೆಯ ವಾಹನ ಕೊಳ್ಳುವುದು ತಾನಾಗಿಯೇ ಒಳ್ಳೆಯ ನಡೆ. ಹೊಸ ಕಾರಿನ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ಕುಗಳ ತಯಾರಿಕೆಯಲ್ಲೇ ಹಲವು ಟನ್ ಇಂಗಾಲ ಖರ್ಚಾಗಿರುತ್ತದೆ. ಆದರೆ ಕೆಲವು ಎಚ್ಚರಿಕೆಗಳು ಅಗತ್ಯ. ಹೈದರಾಬಾದು, ಸೊಲ್ಲಾಪುರಗಳ ಕಡೆಯಿಂದ ಬಂದ ಕಾರಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ, ಇಲ್ಲಿನ ಜೀವಿತಾವಧಿ ತೆರಿಗೆ, ಕೆಎ 32 ನೋಂದಣಿ, ಈ ಮೂರರ ಖರ್ಚನ್ನೂ ಬೆಲೆಯೊಳಗೆ ಸೇರಿಸಿ ಲೆಕ್ಕ ಹಾಕಬೇಕು. 15 ವರ್ಷ ತುಂಬಿದ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ನಾಲ್ಕು ಗಾಲಿ ಚಾಲನೆಯ ಕಾರಿನಲ್ಲಿ ನಾಲ್ಕು ಟೈರುಗಳೂ ಒಂದೇ ಅಳತೆಯವು, ಒಂದೇ ಮಟ್ಟಕ್ಕೆ ಸವೆದವು ಆಗಿರಬೇಕು. ಇಲ್ಲವಾದರೆ ಬಲ ಹಂಚುವ ಜೋಡಣೆ ಕೆಡುತ್ತದೆ, ಅದರ ದುರಸ್ತಿ ದುಬಾರಿ. ವಾಹನವನ್ನು ಮೇಲೆತ್ತಿಸಿ ಕೆಳಭಾಗದ ತುಕ್ಕು, ಎಣ್ಣೆಯ ಸೋರಿಕೆ, ಕಲ್ಲು ಬಡಿದ ಗುರುತುಗಳನ್ನು ನಂಬಿಕೆಯ ಮೇಸ್ತ್ರಿಯ ಕಣ್ಣಿನಿಂದ ನೋಡಿಸಿ.

ನನ್ನ ಸಲಹೆ ಇಷ್ಟು. ಕೂಪೆಯನ್ನು ಬಿಡಿ. ವ್ಯಾಗನ್ ಕೊಳ್ಳಿ, ಎರಡು ಗಾಲಿ ಚಾಲನೆಯದೇ ಸಿಕ್ಕರೆ ಇನ್ನೂ ಉತ್ತಮ. ಹಗುರವಾದುದನ್ನು ಆರಿಸಿ. ನಾಲ್ಕು ಗಾಲಿಯದನ್ನೇ ಕೊಂಡವರು ಅದರ ಬಲವನ್ನು ಕೆಸರಿನಿಂದ ಮೇಲೇಳಲು ಮಾತ್ರ ಇಟ್ಟುಕೊಳ್ಳಿ. ಗುಡ್ಡ ಹತ್ತಲು ದೇವರು ಕೊಟ್ಟ ಎರಡು ಕಾಲುಗಳಿವೆ. ಮಳೆ ಬಿದ್ದ ದಿನ ವಾಹನವನ್ನು ಊರ ಮುಂದಿನ ಗಟ್ಟಿ ನೆಲದಲ್ಲಿ ನಿಲ್ಲಿಸಿ ಹೊಲಕ್ಕೆ ನಡೆದು ಹೋಗುವ ಕಟ್ಟಳೆಯನ್ನು ಪ್ರತಿ ಹಳ್ಳಿಯೂ ತಾನೇ ಮಾಡಿಕೊಳ್ಳಬಹುದು. ಇದಕ್ಕೆ ಸರಕಾರದ ಆದೇಶ ಬೇಕಿಲ್ಲ. ಬರುವ ಮುಂಗಾರಿಗೆ ಮೊದಲು ನಮ್ಮ ಊರುಗಳ ಸಭೆಗಳಲ್ಲಿ ಈ ಮಾತು ಎತ್ತಬೇಕೆಂದು ಓದುಗರಲ್ಲಿ, ವಿಶೇಷವಾಗಿ ವಿದ್ಯಾರ್ಥಿ ಮಿತ್ರರಲ್ಲಿ, ನನ್ನ ವಿನಂತಿ.